ದುಂಡಪ್ಪನ ಬ್ಯಾಂಡಿನ ಲಗ್ನದ ಹಾಡು

ಅರವತ್ತು, ಎಪ್ಪತ್ತರ ದಶಕದಲ್ಲಿ ಖಾನಾಪುರದಲ್ಲಿ ಮದುವೆಯಾದವರೆಲ್ಲ ಒಂದೇ ಹಾಡಿಗೆ ಮದುವೆಯಾದವರು. ಮನೆ ಮರಾಠಿಯವರದಿರಲಿ, ಕನ್ನಡದವರದಿರಲಿ, ಮದುಮಗಳು ಹಂದರದ ಬಾಗಿಲಿಗೆ ಬಂದಳೆಂದರೆ ದುಂಡಪ್ಪನ ಬ್ಯಾಂಡು ಆ ಹಾಡನ್ನು ಬಾರಿಸಬೇಕು. ಅದು ಮುಗಿಯುವವರೆಗೆ ಹೆಣ್ಣು ಒಳಗೆ ಕಾಲಿಡುವಂತಿಲ್ಲ. ಯಾವ ಶಾಸ್ತ್ರದಲ್ಲೂ ಹೀಗೆ ಹೇಳಿಲ್ಲ. ಆದರೆ ಶಾಸ್ತ್ರ ಮಾಡಿಸುವ ಅಯ್ಯನವರೇ ಮಂತ್ರ ನಿಲ್ಲಿಸಿ, ಹಾಡು ಮುಗಿಯಲೆಂದು ಕೈಕಟ್ಟಿ ಕೂರುತ್ತಿದ್ದರು. ಅಂದಮೇಲೆ ಉಳಿದವರ ಮಾತೇನು.

ಹಾಡಿಗೆ ಮಾತಿರಲಿಲ್ಲ, ಬರೀ ಧಾಟಿ. ಮಾತು ಕೊಟ್ಟವರು ಊರ ಮಕ್ಕಳು. ‘ಎಲಿ ಹಾಕ್ರಿ, ಎಲಿ ಹಾಕ್ರಿ, ಬುಂದೆ ಬಂತು’ ಎಂದು ಬ್ಯಾಂಡಿನ ಹಿಂದೆ ಒದರಿಕೊಂಡು ಓಡುವುದು. ಹಾಡು ಮುಗಿದು ಅಕ್ಕಿಕಾಳು ಬಿದ್ದರೆ ಆಮೇಲೆ ಊಟವೇ ಅಲ್ಲವೇ. ಹಂಚಿನ ಭಟ್ಟಿಯ ಗುರುಪುತ್ರಪ್ಪನ ಮಗಳು ಗಂಗಾದೇವಿ ಹೀಗೆ ಓಡಿ ಓಡಿಯೇ ದೊಡ್ಡವಳಾದಳು. ಆ ಹಾಡೆಂದರೆ ಅವಳಿಗೆ ಕಾದ ತುಪ್ಪದ ವಾಸನೆ, ನಡುವಿಗೆ ಕೊರೆಯುವ ಹೊಸ ಪರಕಾರದ ಲಾಡಿ, ಹೆಂಗಸರ ನಡುವೆ ಕೂತು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದ ಅವ್ವ. ಅವ್ವ ಮನೆಯಲ್ಲಿ ಅಷ್ಟು ನಗುತ್ತಿರಲಿಲ್ಲ. ನಗಲಿಕ್ಕೆಂದೇ ಲಗ್ನಕ್ಕೆ ಹೋಗುತ್ತಿದ್ದಳೋ ಏನೋ. ಗಂಗಾದೇವಿ ಏಳನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ಅವ್ವನ ನಗು ಎಲ್ಲಿಯಾದರೂ ಸಿಗುತ್ತಿದ್ದರೆ ಆ ಹಾಡಿನಲ್ಲಿ ಮಾತ್ರ.

ದುಂಡಪ್ಪ ಈ ಹಾಡು ಕಲಿತ ಬಗೆಯನ್ನೂ ಹೇಳಿಬಿಡಬೇಕು. ಹರೆಯದಲ್ಲಿ ಅವನು ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ಒಬ್ಬ ಇದ್ದಿಲು ವ್ಯಾಪಾರಿಯ ಗಾಡಿ ಹೊಡೆಯುತ್ತಿದ್ದ. ಅಲ್ಲಿ ಪಲ್ಟಣಿನ ಬ್ಯಾಂಡಿನವರು ಒಂದು ಎತ್ತರದ ಗೋಡೆಯ ಆಚೆ ತಾಲೀಮು ಮಾಡುವವರು. ದುಂಡಪ್ಪ ಗೋಡೆಯ ಈಚೆ ಎತ್ತುಗಳಿಗೆ ಮೇವು ಹಾಕಿ ಕೇಳುತ್ತ ನಿಲ್ಲುವನು. ಅವರು ಬಾರಿಸುವುದರಲ್ಲೆಲ್ಲ ಈ ಧಾಟಿ ಅವನಿಗೆ ಬಹಳ ಹಿಡಿಸಿತು. ಆದರೆ ಅವರು ಅದನ್ನು ತೀರ ನಿಧಾನವಾಗಿ, ಒಂದೊಂದು ಸ್ವರವನ್ನೂ ಎಳೆದೆಳೆದು ಬಾರಿಸುತ್ತಿದ್ದರು. ಪಾಪ, ಇನ್ನೂ ಕಲಿಯುತ್ತಿದ್ದಾರೆ ಎಂದುಕೊಂಡ ದುಂಡಪ್ಪ. ಊರಿಗೆ ಬಂದು ಸ್ವಂತ ಬ್ಯಾಂಡು ಕಟ್ಟಿದಾಗ ಅವರ ತಪ್ಪನ್ನು ತಾನು ತಿದ್ದಿ, ಹಾಡನ್ನು ಕುಣಿಯುವ ಲಯಕ್ಕೆ ತಂದ. ಗೋಡೆಯ ಆಚೆ ಇದ್ದವರಲ್ಲಿ ಒಬ್ಬರ ಮುಖವನ್ನೂ ಅವನು ನೋಡಿರಲಿಲ್ಲ. ಆ ಹಾಡು ಬಾರಿಸುತ್ತ ಅವರು ಎಲ್ಲಿಗೆ ಹೋಗುತ್ತಾರೆಂದು ಕೇಳಿಯೂ ಇರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಗಂಗಾದೇವಿಗೆ ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸವಾಯಿತು. ದಿನಾ ಪ್ಯಾಸೆಂಜರ್ ರೈಲನ್ನು ನಂಬಿದರೆ ಅದು ದೇಸೂರಿನಲ್ಲಿ ನಿಂತದ್ದು ನಿಂತೇ ಬಿಡುತ್ತಿತ್ತು. ಕೊನೆಗೆ ಕ್ಯಾಂಪಿನಲ್ಲಿ ರೊಸಾಲಿನಬಾಯಿ ಎಂಬ ಕ್ರಿಶ್ಚನ್ ಹೆಂಗಸಿನ ಮನೆಯಲ್ಲಿ ಒಂದು ಖೋಲಿ ಹಿಡಿದಳು. ಗುರುಪುತ್ರಪ್ಪ ಬಂದು ಅಡಿಗೆಮನೆಯ ವಾಸನೆ ನೋಡಿ ಮುಖ ಸಿಂಡರಿಸಿದ. ಮಗಳಿಗೆ ಬೇರೆ ಸ್ಟೋವು, ಬೇರೆ ಪಾತ್ರೆ ಎಂದು ರೊಸಾಲಿನಬಾಯಿ ಮಾತು ಕೊಟ್ಟ ಮೇಲೆ, ದೇವರು ನೋಡಿಕೊಳ್ಳಲಿ ಎಂದು ಹೋದ. ಯಾರ ದೇವರೆಂದು ಹೇಳಲಿಲ್ಲ. ಎಲ್ಲರೂ ಆಂಟಿ ಅನ್ನುತ್ತಿದ್ದರೆಂದು ಗಂಗಾದೇವಿಯೂ ಅವಳನ್ನು ಆಂಟಿ ಅಂದಳು.

ಆಂಟಿಯ ಗಂಡ ಕಾಯ್ತಾನ ಮಾಸ್ತರರು ಪಲ್ಟಣಿನ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಬಾರಿಸಿ ರಿಟೈರ್ ಆದವರು. ಕ್ಲಾರ್ನೆಟ್ಟು ಕಪಾಟಿನ ಮೇಲೆ ಪೆಟ್ಟಿಗೆಯಲ್ಲಿತ್ತು, ಅಲ್ಲೇ ಇರುತ್ತಿತ್ತು. ಒಮ್ಮೆ ಬಾರಿಸಿರೆಂದು ಗಂಗಾದೇವಿ ಕೇಳಿದ್ದಕ್ಕೆ, ಪಗಾರ ಯಾರು ಕೊಡುತ್ತಾರೆ ಎಂದು ಮಾತು ಹಾರಿಸಿದರು. ಮಾತು ಕಡಿಮೆಯ ಮನುಷ್ಯ. ಮಳೆಗಾಲದಲ್ಲಿ ದೊಡ್ಡ ಕೊಡೆ ಹಿಡಿದು ಗಂಗಾದೇವಿಯನ್ನು ಎಕ್ಸ್‌ಚೇಂಜಿನ ತನಕ ಬಿಟ್ಟು ಬರುತ್ತಿದ್ದರು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಬಾಗಿಲಲ್ಲಿ ಕೊಡೆ ಝಾಡಿಸಿ, ‘ಹೂಂ’ ಅನ್ನುವರು. ಅವಳಿಗೆ ಅವರ ಮೇಲೆ ಬಹಳ ಪ್ರೀತಿಯಿತ್ತು.

ಎಂಬತ್ತೊಂದರ ಆಷಾಢದಲ್ಲಿ ಮಾಸ್ತರರು ಎದೆನೋವಿನಿಂದ ತೀರಿಕೊಂಡರು. ಮಣ್ಣು ಮಾಡುವಾಗ ಸಿಮೆಟ್ರಿಯಲ್ಲಿ ಗಂಗಾದೇವಿ ಆಂಟಿಯ ಪಕ್ಕದಲ್ಲೇ ನಿಂತಿದ್ದಳು. ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ಮಾಸ್ತರರ ಹಳೇ ಜೊತೆಗಾರರು, ಕರೇ ಕೋಟು ಹಾಕಿಕೊಂಡು ಮಳೆಯಲ್ಲಿ ನೆನೆಯುತ್ತ ನಿಂತಿದ್ದವರು, ವಾದ್ಯ ಎತ್ತಿ ನಿಧಾನವಾಗಿ ಏನೋ ಬಾರಿಸತೊಡಗಿದರು.

ಮೊದಲ ಸಾಲಿನಲ್ಲಿ ಅವಳಿಗೆ ಅದು ಏನೆಂದು ತಿಳಿಯಲಿಲ್ಲ. ಎರಡನೆಯ ಸಾಲಿನಲ್ಲಿ ಬಾಯಲ್ಲಿ ನೀರು ಬಂತು. ಎಲಿ ಹಾಕ್ರಿ, ಎಲಿ ಹಾಕ್ರಿ. ತುಪ್ಪದ ವಾಸನೆ ಬಂತು, ಪರಕಾರ ಕೊರೆಯಿತು, ಹೆಂಗಸರ ನಡುವೆ ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಇತ್ತ ಹೆಣದ ಪೆಟ್ಟಿಗೆ ಕೆಳಗಿಳಿಯುತ್ತಿದೆ, ಅತ್ತ ಖಾನಾಪುರದ ಮಕ್ಕಳು ಬುಂದೆ ಬಂತೆಂದು ಒದರುತ್ತಿದ್ದಾರೆ. ಗಂಗಾದೇವಿಗೆ ನಗು ಉಕ್ಕಿ ಬಂತು. ಎಷ್ಟು ಒತ್ತಿದರೂ ನಿಲ್ಲಲಿಲ್ಲ. ಸೆರಗನ್ನು ಮುಖಕ್ಕೆ ಒತ್ತಿ ಹಿಡಿದಳು, ಭುಜ ಕುಣಿಯತೊಡಗಿತು, ಕಣ್ಣಲ್ಲಿ ನೀರೂ ಬಂತು.

ನೋಡಿದವರು ಏನು ತಿಳಿಯಬೇಕೋ ಅದನ್ನೇ ತಿಳಿದರು. ಆಂಟಿ ಅವಳನ್ನು ಎಳೆದು ಅಪ್ಪಿಕೊಂಡಳು. ಮಕ್ಕಳಿಲ್ಲದ ಮನೆ. ತನ್ನ ಗಂಡನಿಗಾಗಿ ಇಷ್ಟು ಅತ್ತವಳು ಈ ಪರಜಾತಿಯ ಹುಡುಗಿಯೊಬ್ಬಳೇ ಎಂದು ಬಂದವರಿಗೆಲ್ಲ ಹೇಳಿದಳು. ಮರುತಿಂಗಳಿಂದ ಬಾಡಿಗೆ ಮುಟ್ಟಲಿಲ್ಲ. ‘ಮಗಳ’ ಎಂದು ಕರೆಯತೊಡಗಿದಳು. ಹೊಟ್ಟೆನೋವು ಬಂದರೆ ಬಿಸಿನೀರು, ಕೆಲಸದಿಂದ ಬರುವುದು ತಡವಾದರೆ ಗೇಟಿನಲ್ಲಿ ಕಾಯುವುದು. ತಾಯಿ ಹೋದ ಮೇಲೆ ತನಗಾಗಿ ಯಾರಾದರೂ ಗೇಟಿನಲ್ಲಿ ಕಾದದ್ದು ಗಂಗಾದೇವಿಗೆ ಗೊತ್ತಿರಲಿಲ್ಲ. ಖರೇ ಸಂಗತಿ ಹೇಳಬೇಕೆಂದು ಅವಳು ಹಲವು ಸಲ ಬಾಯಿ ತೆರೆದಳು. ಆದರೆ ‘ನಿಮ್ಮ ಗಂಡನ ಮಣ್ಣಿನಲ್ಲಿ ನಾನು ನಕ್ಕೆ’ ಎಂದು ಶುರು ಮಾಡಿ ಮುಂದೆ ಹೇಗೆ ಮುಗಿಸುವುದೆಂದು ಹೊಳೆಯದೆ, ಚಹಾ ಮಾಡಲೇ ಎಂದು ಕೇಳುತ್ತಿದ್ದಳು.

ಎಂಬತ್ತಮೂರರಲ್ಲಿ ಗಂಗಾದೇವಿಯ ಲಗ್ನ ಗೊತ್ತಾಯಿತು. ಹುಡುಗ ಬೈಲಹೊಂಗಲದವನು, ಬ್ಯಾಂಕಿನಲ್ಲಿದ್ದ. ಲಗ್ನ ಖಾನಾಪುರದಲ್ಲಿ. ಜೀವನವೆಲ್ಲ ಫ್ರಾಕು ಹಾಕಿದ ಆಂಟಿ ಈ ಲಗ್ನಕ್ಕೆಂದೇ ಒಂದು ಇಳಕಲ್ ಸೀರೆ ಕೊಂಡು, ಉಡುವುದನ್ನು ಗಂಗಾದೇವಿಯಿಂದಲೇ ಕಲಿಯತೊಡಗಿದಳು. ನಿರಿಗೆ ಹಿಡಿದುಕೊಡುತ್ತ ಗಂಗಾದೇವಿಗೆ ಜೀವ ಹಾರುತ್ತಿತ್ತು. ಹಂದರದ ಬಾಗಿಲಲ್ಲಿ ದುಂಡಪ್ಪ ಆ ಹಾಡು ಎತ್ತುತ್ತಾನೆ, ಮಕ್ಕಳು ಕುಣಿಯುತ್ತಾರೆ, ಆಂಟಿಗೆ ಎಲ್ಲ ತಿಳಿಯುತ್ತದೆ. ಗಂಡನನ್ನು ಮಣ್ಣಿಗಿಟ್ಟ ಹಾಡಿಗೆ ಊರು ಕುಣಿಯುವುದನ್ನು ನೋಡುವುದು ಒಂದು ಕಷ್ಟ. ಮಗಳೆಂದು ಅಪ್ಪಿಕೊಂಡವಳು ಅಂದು ಅಳುತ್ತಿರಲಿಲ್ಲ ಎಂದು ಅರಿಯುವುದು ಇನ್ನೊಂದು. ಆಮೇಲೆ ಆಂಟಿ ತನ್ನ ಮುಖ ನೋಡುತ್ತಾಳೆಯೇ?

ಬ್ಯಾಂಡೇ ಬೇಡವೆಂದು ಅಪ್ಪನಿಗೆ ಹೇಳಿ ನೋಡಿದಳು.

“ದುಂಡಪ್ಪನ ಬಾಜಾ ಇಲ್ಲಂದ್ರ ಮಂದಿ ಏನಂತಾರ? ಕದ್ದ ಲಗ್ನ ಮಾಡ್ಯಾರ ಅಂತಾರ” ಎಂದ ಗುರುಪುತ್ರಪ್ಪ. ಮಾತು ಅಲ್ಲಿಗೆ ಮುಗಿಯಿತು.

ದುಂಡಪ್ಪನ ಮನೆಗೇ ಹೋದಳು. ಅವನು ಕೆಂಪು ಕೋಟಿಗೆ ಗುಂಡಿ ಹಚ್ಚುತ್ತ ಕೂತಿದ್ದ. ಆ ಹಾಡು ಯಾವ ಹೊತ್ತಿಗೆ ಬಾರಿಸುವಂಥದ್ದು ಎಂಬುದನ್ನು ಮೆಲ್ಲಗೆ ತಿಳಿಸಿದಳು. ದುಂಡಪ್ಪನ ಸೂಜಿ ಅರ್ಧ ಹಚ್ಚಿದ ಗುಂಡಿಯಲ್ಲೇ ನಿಂತಿತು. ತಾನು ಇಷ್ಟು ವರ್ಷ ದಾಟಿಸಿದ ಲಗ್ನಗಳೆಲ್ಲ ಒಂದೊಂದಾಗಿ ಅವನ ಕಣ್ಣ ಮುಂದೆ ಹಾದುಹೋದವು ಎಂದು ಕಾಣುತ್ತದೆ.

“ಯಾರ ಸಂಸಾರನೂ ಕೆಟ್ಟಿಲ್ಲ ತಂಗಿ” ಎಂದ ಕೊನೆಗೆ. “ಆದರ ನಿನ್ನ ಲಗ್ನದಾಗ ಬಾರ್ಸಂಗಿಲ್ಲ. ಈ ಮಾತ ಮಾತ್ರ ಊರಾಗ ಯಾರಿಗೂ ಹೇಳಬ್ಯಾಡ.”

ಲಗ್ನದ ದಿನ ದುಂಡಪ್ಪ ಮಾತಿನಂತೆ ನಡೆದುಕೊಂಡ. ಗಂಗಾದೇವಿ ಹಂದರದ ಬಾಗಿಲಿಗೆ ಬಂದಾಗ ಬೇರೆ ಏನೋ ಒಂದನ್ನು ಬಾರಿಸಿದ. ಅದು ಚೆನ್ನಾಗಿಯೇ ಇತ್ತು. ಆದರೆ ಅವಳ ಸೋದರತ್ತೆ ಮಾಯವ್ವ ಬಾಗಿಲಿಗೆ ಅಡ್ಡ ಕೈ ಹಿಡಿದಳು. ಹಾಡು ಬಾರಿಸದೆ ಹೆಣ್ಣು ಹೇಗೆ ಒಳಗೆ ಬರುತ್ತದೆ ಎಂದು ಕೇಳಿದಳು. ಅಯ್ಯನವರು ಕೈಕಟ್ಟಿ ಕೂತರು. ಗುರುಪುತ್ರಪ್ಪ ದುಂಡಪ್ಪನನ್ನು ಗದರಿಸಿದ. ಮರೆತಿದ್ದಾನೆಂದು ಬಗೆದು ಮಕ್ಕಳು ತಾವೇ ಹಾಡಿ ನೆನಪು ಮಾಡಿಕೊಟ್ಟರು. ಬೀಗರು ಏನು ತಂಟೆಯೆಂದು ಕುರ್ಚಿಯಿಂದ ಕತ್ತು ಚಾಚಿದರು. ದುಂಡಪ್ಪ ಗಂಗಾದೇವಿಯ ಕಡೆ ನೋಡಿದ. ಅವಳು ನೆಲ ನೋಡಿದಳು. ಅವನು ಕ್ಲಾರ್ನೆಟ್ ಬಾಯಿಗಿಟ್ಟ.

ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಆಂಟಿ ಹಾಡಿನ ಎರಡನೆಯ ಸಾಲಿಗೆ ಎದ್ದು ನಿಂತಳು. ಇಳಕಲ್ ಸೀರೆಯಲ್ಲಿ, ಕೈಯಲ್ಲಿ ಪರ್ಸು ಹಿಡಿದು, ನೆಟ್ಟಗೆ. ಕ್ಯಾಂಪಿನಿಂದ ಬಂದ ದೊಡ್ಡ ಮನುಷ್ಯಳು ಎದ್ದಳೆಂದರೆ ಇದು ಎದ್ದು ನಿಲ್ಲಬೇಕಾದ ಹಾಡೇ ಇರಬೇಕೆಂದು ಬೀಗರೂ ಎದ್ದರು. ಬೀಗರು ಎದ್ದರೆಂದು ಊರವರೂ ಎದ್ದರು. ಇಡೀ ಹಂದರ ಎದ್ದು ನಿಂತಿತು, ನಡುವೆ ಮಕ್ಕಳು ಕುಣಿಯುತ್ತಲೇ ಇದ್ದರು.

ಹಾಡು ಮುಗಿಯಿತು. ಆಂಟಿ ನೇರವಾಗಿ ದುಂಡಪ್ಪನ ಹತ್ತಿರ ಹೋಗಿ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದಳು. ಕ್ಯಾಂಪಿನಲ್ಲಿ, ಪಲ್ಟಣಿನ ಬ್ಯಾಂಡಿನವರ ಗೋಡೆಯ ಬಾಜು ನಿಂತು ಕಲಿತೆ ಎಂದು ಅವನು ತಲೆ ತಗ್ಗಿಸಿ ಹೇಳಿದ. ಯಾವ ವರ್ಷ ಎಂದು ಕೇಳಿದಳು. ಅವನು ಹೇಳಿದ. ಆ ವರ್ಷ ಗೋಡೆಯ ಆಚೆ ಕ್ಲಾರ್ನೆಟ್ ಹಿಡಿದವರು ಯಾರೆಂದು ಆಂಟಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ಅವಳು ಗಂಗಾದೇವಿಯ ಬಳಿ ಬಂದಳು. ಬಾಸಿಂಗದ ಕೆಳಗಿಂದ ಗಂಗಾದೇವಿಗೆ ಆಂಟಿಯ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

“ಅವತ್ತ ನೀ ಅಳತಿರಲಿಲ್ಲ” ಎಂದಳು ಆಂಟಿ.

“ಇಲ್ರಿ.”

“ನಗತಿದ್ದಿ.”

“ಬುಂದೆ ನೆನಪಾಗಿತ್ರಿ ಆಂಟಿ. ನಮ್ಮವ್ವನೂ.”

ಬಾಸಿಂಗ ಬಲಕ್ಕೆ ವಾಲಿತ್ತು, ಆಂಟಿ ಅದನ್ನು ನೇರ ಮಾಡಿದಳು.

“ಇದನ್ನ ಬಾರಿಸಿ ಬಂದ ದಿನ ಅವರು ಊಟಾ ಮಾಡತಿರಲಿಲ್ಲ” ಎಂದಳು. “ಎಷ್ಟ ಹೇಳಿದರೂ ಗಂಟಲಾಗ ಇಳ್ಯಂಗಿಲ್ಲ ಅಂತಿದ್ದರು. ತಾಟ ಹಂಗ ಮುಚ್ಚಿಡತಿದ್ದೆ. ಇದನ್ನ ಕೇಳಿ ಒಂದ ಊರ ಮಂದಿಗೆ ಹಸಿವಾಗತೈತಿ ಅಂತ ಅವರಿಗೆ ಯಾರರೇ ಹೇಳಿದ್ದರ…”

ಗಂಗಾದೇವಿ ಆಂಟಿಯ ಕೈ ಹಿಡಿದುಕೊಂಡಳು. ಎರಡು ವರ್ಷ ತಡವಾಗಿ, ಹಂದರದ ಬಾಗಿಲಲ್ಲಿ ನಿಂತು, ಕಾಯ್ತಾನ ಮಾಸ್ತರರಿಗಾಗಿ ದನಿ ತೆಗೆದು ಅತ್ತಳು. ಹೆಣ್ಣು ಅಳುವುದಕ್ಕೆ ಸಂಜೆ ಗಂಡನ ಮನೆಗೆ ಹೊರಡುವ ಹೊತ್ತು ಬೇರೆ ಇದೆ, ಈಗಲೇ ಯಾಕೆ ಎಂದು ಮಾಯವ್ವ ಬೇಸರಪಟ್ಟುಕೊಂಡು, ಅಡ್ಡ ಹಿಡಿದ ಕೈ ತೆಗೆದಳು.