ಸರ್ವೆ ನಂಬರ್ ಬರೆದ ಚೀಲ

ಅಣ್ಣು ಪೂಜಾರಿಯವರ ಬೈಲುಗದ್ದೆಯಲ್ಲಿ ಮೂರು ವರ್ಷಗಳಿಂದ ಭತ್ತದ ಪೈರು ಹಳದಿಯಾಗುತ್ತಿತ್ತು. ಕಾಪುವಿನ ಆಸುಪಾಸಿನಲ್ಲಿ ಇದೇನು ಹೊಸತಲ್ಲ. ಆ ಗದ್ದೆಯ ಪಹಣಿಯಲ್ಲಿ ಹೆಸರು ಅವರದು. ಮೂರು ವರ್ಷಗಳಿಂದ ಕೆಸರಿಗೆ ಇಳಿಯುವವಳು ಮಾತ್ರ ತಂಗಿ ಸುಗಂಧಿಯ ಮಗಳು ಪ್ರಣೀತಾ.

"ಮಾವ, ಮಣ್ಣು ಪರೀಕ್ಷೆಗೆ ಕೊಡುವ," ಎಂದು ಅವಳು ಎರಡು ಸಲ ಕೇಳಿದ್ದಳು.

"ಎಂತದಕ್ಕೆ? ಐವತ್ತು ವರ್ಷದಿಂದ ನಾನು ನೋಡಿದ ಮಣ್ಣು ಅಲ್ವಾ?" ಎಂದು ಮನೆಯ ಯಜಮಾನರಾದ ಅಣ್ಣು ಪೂಜಾರಿಯವರು ಎರಡು ಸಲವೂ ಅವಳ ಬಾಯಿ ಮುಚ್ಚಿಸಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಕೇಳದೆಯೇ ಗದ್ದೆಗೆ ಇಳಿದಳು. ಹತ್ತು ಕಡೆ ಗೇಣಾಳ ತೋಡಿ ಮಣ್ಣು ತೆಗೆದು, ಬೆರೆಸಿ, ಚಾವಡಿಯ ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಚೀಲಕ್ಕೆ ತುಂಬಿದಳು. ಮೇಲೊಂದು ಚೀಟಿ ಅಂಟಿಸಿದಳು. ಯಜಮಾನರು ಕನ್ನಡಕ ಏರಿಸಿ ಓದಿದರು. ಅದರಲ್ಲಿ ಗದ್ದೆಯ ಸರ್ವೆ ನಂಬರ್ ಇತ್ತು.

ಮಣಿಪಾಲದಲ್ಲಿ ಫ್ಲ್ಯಾಟ್ ಕಟ್ಟುವ ಮೊದಲು ಮಣ್ಣು ತೆಗೆದು ಪರೀಕ್ಷಿಸುವುದನ್ನು ಅವರು ಕಣ್ಣಾರೆ ಕಂಡಿದ್ದರು. ಸಾಲದ್ದಕ್ಕೆ, ಊರಿನ ರೈತರಿಗೆ ಸಲಹೆ ಕೊಡುವ ಕೃಷಿ ಸಖಿ ರೀನಾ ವಾರಕ್ಕೆರಡು ಸಲ ಬಂದು ಪ್ರಣೀತಾಳ ಹತ್ತಿರ ಪಿಸುಗುಟ್ಟುತ್ತಿದ್ದಳು. ಇವರು ಗದ್ದೆಗೆ ಗಿರಾಕಿ ಹುಡುಕಿದ್ದಾರೆ ಎಂದು ಯಜಮಾನರು ತೀರ್ಮಾನಿಸಿಬಿಟ್ಟರು. ಸಂಶಯ ಒಳಹೊಕ್ಕ ಮೇಲೆ ಕೇಳಬೇಕೇ? ಪ್ರಣೀತಾ ಫೋನಿನಲ್ಲಿ ನಕ್ಕರೂ ಆ ಕಡೆ ಬ್ರೋಕರ್ ಇದ್ದಾನೆ ಎಂದೇ ಅವರಿಗೆ ಅನ್ನಿಸತೊಡಗಿತು.

ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಚೀಲದ ಮಣ್ಣನ್ನು ತೆಂಗಿನ ಬುಡಕ್ಕೆ ಸುರಿದರು. ಬಸಳೆ ಚಪ್ಪರದ ಬದಿಯ ಒಣ ಮಣ್ಣನ್ನು ಅದರಲ್ಲಿ ತುಂಬಿಟ್ಟರು. ದಿನಾ ಬೂದಿ, ಸೆಗಣಿ ಬಿದ್ದ ಮಣ್ಣದು. ಇದರ ಮೇಲೆ ಯಾರು ಫ್ಲ್ಯಾಟ್ ಕಟ್ಟುತ್ತಾರೆ, ಈಗ ಬರಲಿ ಗಿರಾಕಿ ಎಂದು ಒಳಗೊಳಗೇ ನಕ್ಕರು.

ಪರೀಕ್ಷೆಗೆ ಕೊಟ್ಟ ಆ ಚೀಲದ ವರದಿ ಏಪ್ರಿಲ್ ಮೊದಲಿಗೆ ಬಂತು. ರೀನಾ ಚಾವಡಿಯಲ್ಲಿ ಕೂತು ಓದಿದಳು. "ಮಣ್ಣು ಭಾರೀ ಒಳ್ಳೆಯದುಂಟು. ಸುಣ್ಣ ಬೇಡ, ಎಂತದೂ ಬೇಡ."

"ನಾನು ಹೇಳಿದ್ದು ಅದನ್ನೇ ಅಲ್ವಾ?" ಯಜಮಾನರು ಗೆದ್ದ ಮುಖ ಮಾಡಿದರು.

ಪ್ರಣೀತಾಳ ಕಣ್ಣು ತುಂಬಿತು. "ಹಾಗಾದರೆ ತಪ್ಪು ನನ್ನ ಕೈಯದ್ದೇ ಮಾವ. ಇಂಥ ಮಣ್ಣಿನಲ್ಲಿ ಮೂರು ವರ್ಷ ಬೆಳೆ ಹಾಳು ಮಾಡಿದೆ. ಇನ್ನು ನಾನು ಇಳಿಯುವುದಿಲ್ಲ. ಗದ್ದೆ ಹಡಿಲು ಬೀಳಲಿ."

ಆ ಬೈಲಿನಲ್ಲಿ ಆಗಲೇ ನಾಲ್ಕು ಗದ್ದೆಗಳು ಬೇಸಾಯವಿಲ್ಲದೆ ಹಡಿಲು ಬಿದ್ದು, ಆಳೆತ್ತರ ಹುಲ್ಲು ಬೆಳೆದಿತ್ತು. ತನ್ನದು ಐದನೆಯದಾಗುವುದನ್ನು ನೆನೆದು ಅಣ್ಣು ಪೂಜಾರಿಯವರು ಸೋದರಸೊಸೆಯ ಕಡೆ ತಿರುಗಿದರು. ಮಾರಲು ಹೊರಟವಳು ಹೀಗೆ ಅಳುತ್ತಾಳೆಯೇ?

"ರೀನಾ, ಆ ಚೀಟಿಯಲ್ಲಿ ಸರ್ವೆ ನಂಬರ್ ಯಾಕೆ ಬರೆದದ್ದು?"

"ಯಾವ ಗದ್ದೆಯ ಮಣ್ಣು ಎಂದು ಗೊತ್ತಾಗಲಿಕ್ಕೆ ಅಜ್ಜ. ಬೇರೆ ಎಂತ ಉಂಟು ಅದರಲ್ಲಿ? ನಿಮ್ಮ ಸಹಿ ಇಲ್ಲದೆ ಒಂದು ಸೆಂಟ್ಸ್ ಜಾಗ ಸಹ ಮಾರಲಿಕ್ಕಾಗುವುದಿಲ್ಲ."

"ಹಾಗಾದರೆ ಈ ವರದಿ ಗದ್ದೆಯದ್ದಲ್ಲ, ಬಸಳೆಯದ್ದು," ಎಂದು ಯಜಮಾನರು ನಡೆದದ್ದೆಲ್ಲವನ್ನೂ ಹೇಳಿದರು.

"ಎಂತ ಕೆಲಸ ಮಾಡಿದಿರಿ ಅಣ್ಣ," ಎಂದು ಸುಗಂಧಿ ತಲೆಗೆ ಕೈ ಹಚ್ಚಿ ಕೂತರು.

"ಇವಳು ನನಗೆ ಹೇಳಿ ತೆಗೆಯಬಹುದಿತ್ತಲ್ಲ?"

"ಎರಡು ಸಲ ಹೇಳಿದೆ ಮಾವ," ಎಂದಳು ಪ್ರಣೀತಾ.

ಮರುದಿನ ಯಜಮಾನರೇ ಹಾರೆ ಹಿಡಿದು ಗದ್ದೆಗೆ ನಡೆದರು. ಎಲ್ಲಿ ತೋಡಬೇಕೆಂದು ಪ್ರಣೀತಾ ತೋರಿಸಿದಳು, ಅವರು ತೋಡಿದರು. ಮಳೆಗೆ ಮೊದಲೇ ಎರಡನೆಯ ವರದಿ ಬಂತು. ಮಣ್ಣು ಹುಳಿಯಾಗಿದೆ, ಬಿತ್ತನೆಗೆ ಮೊದಲು ಸುಣ್ಣ ಹಾಕಬೇಕು ಎಂದಿತ್ತು.

"ಎಷ್ಟು ಹಾಕುವುದು ಎಂದು ಹೇಳಬೇಕಿತ್ತು ಅಜ್ಜ," ಎಂದು ರೀನಾ ರೂಢಿಯಂತೆ ಅವರತ್ತ ತಿರುಗಿದಳು.

"ನನಗೆ ಯಾಕೆ ಹೇಳುವುದು? ಅವಳಿಗೆ ಹೇಳು. ಈ ಗದ್ದೆಗೆ ಇನ್ನು ಅವಳೇ ಯಜಮಾನ್ತಿ."

ಹಿರಿಯರೇ, ನಿಮ್ಮ ಮನೆಯಲ್ಲಿ ಕೆಸರಿಗೆ ಇಳಿಯುವವರು ಯಾರು? ಈ ಮಳೆಗಾಲ ಒಂದು ಗದ್ದೆಯ ತೀರ್ಮಾನವನ್ನಾದರೂ ಅವರಿಗೆ ಬಿಟ್ಟುಕೊಡಿ. ಸಂಶಯ ಬಂದರೆ ಅವರನ್ನೇ ಕೇಳಿ. ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಣ್ಣು ಪರೀಕ್ಷೆ ಮಾಡಿಸಿ. ಚೀಲದಲ್ಲಿ ನಿಮ್ಮ ಗದ್ದೆಯ ಮಣ್ಣೇ ಇರಲಿ. ಬಸಳೆಯ ಮಣ್ಣು ಬಸಳೆಗಿರಲಿ.