ತಮ್ಮನಿಗೊಂದು ಕೆಂಪು ಟೋಪಿ

ಅತ್ತೆಯ ಎದುರು ಅವರ ತಮ್ಮನ ಮೇಲೆ ದೂರು ಹೇಳುವುದೂ ಒಂದೇ, ಹುತ್ತಕ್ಕೆ ಕೈ ಹಾಕುವುದೂ ಒಂದೇ. ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಆ ತಮ್ಮನ ಅಂಗಡಿಯ ಕೆಂಪು ಶರಬತ್ತನ್ನು ಅತ್ತೆ ದಿನಾ ಮೊಮ್ಮಗಳಿಗೆ ಕುಡಿಸುತ್ತಿದ್ದರು. ಬಾಯಿ ಎಷ್ಟು ಮುಕ್ಕಳಿಸಿದರೂ ಮಗುವಿನ ನಾಲಿಗೆ ಕೆಂಪಾಗಿಯೇ ಇರುತ್ತಿತ್ತು. ಹೆತ್ತ ಹೊಟ್ಟೆ, ಸಂಕಟವಾಗದೆ ಇರುತ್ತದೆಯೇ?

ಒಂದಿಷ್ಟು ಶರಬತ್ತನ್ನು ಲ್ಯಾಬಿಗೆ ಒಯ್ದಳು. ಪರೀಕ್ಷೆಯ ಹಾಳೆಯ ಮೇಲೆ ಅದರದೊಂದು ಚುಕ್ಕೆ, ಪಕ್ಕದಲ್ಲೇ ನಿಷೇಧಿಸಿದ ಬಣ್ಣದ್ದೊಂದು ಚುಕ್ಕೆ ಇಟ್ಟು, ಹಾಳೆಯ ತುದಿಯನ್ನು ದ್ರಾವಣದಲ್ಲಿ ನಿಲ್ಲಿಸಿದಳು. ಎರಡೂ ಅವಳಿ ಮಕ್ಕಳಂತೆ ಒಂದೇ ಎತ್ತರಕ್ಕೆ ಏರಿ ನಿಂತವು. ಅಂದರೆ ಎರಡೂ ಒಂದೇ, ಬಟ್ಟೆಗೆ ಹಾಕುವ ಬಣ್ಣ!

ಹಾಳೆ ಕಂಡದ್ದೇ ಅತ್ತೆ ಕೆಂಡವಾದರು. “ನನ್ನ ತಮ್ಮ ಬೀಟ್‌ರೂಟ್ ಹಿಂಡಿ ಮಾಡೋದು ಕಣೇ! ನಿನ್ನ ಚುಕ್ಕೆ ನಂಬ್ಲಾ, ಒಡಹುಟ್ಟಿದೋನ್ನ ನಂಬ್ಲಾ?”

ಸೊಸೆ ಬಾಯಿಗೆ ಬೀಗ ಹಾಕಿಕೊಂಡಳು, ತಲೆಗೆ ಹಾಕಿಕೊಳ್ಳಲಿಲ್ಲ. ಅತ್ತೆಯ ಹೆಣಿಗೆ ಬುಟ್ಟಿಯಿಂದ ಬಿಳಿ ಉಣ್ಣೆಯ ಎರಡು ಎಳೆ ಕತ್ತರಿಸಿ, ಒಂದನ್ನು ಅಪ್ಪಟ ಬೀಟ್‌ರೂಟ್ ರಸದಲ್ಲಿ, ಇನ್ನೊಂದನ್ನು ಶರಬತ್ತಿನಲ್ಲಿ ಹಾಕಿ, ಹುಳಿ ಹಿಂಡಿ ಕುದಿಸಿದಳು. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ಬಂದಳು.

“ಅತ್ತೆ, ನಿಮ್ಮ ಉಣ್ಣೆ ಹಾಳು ಮಾಡ್ಬಿಟ್ಟೆ. ಇದಕ್ಕೆ ಬೀಟ್‌ರೂಟ್, ಇದಕ್ಕೆ ಅಂಗಡಿ ಮಾವನ ಶರಬತ್ತು. ಕಲೆ ಹೋಗ್ತಾನೇ ಇಲ್ಲ.”

“ನಿನ್ನ ಕೈಲಿ ಎಲ್ಲಿ ಹೋಗುತ್ತೆ? ಕೊಡಿಲ್ಲಿ!”

ಕಲೆ ತೆಗೆಯುವುದರಲ್ಲಿ ಅತ್ತೆಯದು ಎತ್ತಿದ ಕೈ. ಸೋಪು ಹಚ್ಚಿ ತಿಕ್ಕಿದರು. ಬೀಟ್‌ರೂಟಿನ ಎಳೆ ಬಿಳಿಚಿತು. ಶರಬತ್ತಿನ ಎಳೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಇನ್ನಷ್ಟು ಸೋಪು, ಬಿಸಿನೀರು, ಬೈಗುಳ. ಊಹೂಂ. ಆಟವಾಡುತ್ತಿದ್ದ ಮೊಮ್ಮಗಳನ್ನು ಕರೆದು ನಾಲಿಗೆ ಚಾಚಿಸಿ ನೋಡಿದರು. ಅವರ ಕಣ್ಣು ತುಂಬಿತು.

“ಆ ಬಾಟ್ಲಿ ಚೆಲ್ಲಬೇಡ,” ಎಂದರು ಸೊಸೆಗೆ. “ದೊಡ್ಡ ಪಾತ್ರೆ ಒಲೆ ಮೇಲಿಡು.” ಶರಬತ್ತನ್ನೆಲ್ಲ ಸುರಿದು, ಉಣ್ಣೆಯ ಉಂಡೆಯನ್ನೇ ಅದರೊಳಗೆ ಮುಳುಗಿಸಿದರು.

ಮುಂದಿನ ವಾರ ಅಂಗಡಿ ತಮ್ಮ ಹೊಸ ಬಾಟ್ಲಿ ಹಿಡಿದು ಬಂದ. ಅಕ್ಕ ಅವನ ಬೋಳುತಲೆಗೆ ಕೈಯಾರೆ ಕೆಂಪು ಟೋಪಿ ತೊಡಿಸಿದರು.

“ಆಹಾ, ಏನು ಬಣ್ಣ ಅಕ್ಕಾ! ಎಲ್ಲಿ ಸಿಕ್ತು?”

“ನಿನ್ನ ಅಂಗಡೀಲೇ. ಎಷ್ಟು ಒಗೆದ್ರೂ ಹೋಗಲ್ಲ.”

ತಮ್ಮನ ಕೈ ಟೋಪಿಯತ್ತ ಹೋಯಿತು. ಅಕ್ಕ ಆ ಕೈಗೆ ಒಂದು ಬಿಟ್ಟರು.

“ಊರಿಗೆಲ್ಲ ಟೋಪಿ ಹಾಕ್ತೀಯ, ಅಕ್ಕ ನಿನಗೊಂದು ಹಾಕಬಾರದಾ? ಆ ಬಣ್ಣದ ಡಬ್ಬ ತಂದು ನನ್ನ ಸೊಸೆ ಲ್ಯಾಬಲ್ಲಿ ಒಪ್ಪಿಸೋವರೆಗೂ ಇದು ತಲೆ ಮೇಲಿಂದ ಇಳಿಯಕೂಡದು.”