ತಟ್ಟೆ ಬಡಿದ ಮನೆ

ನಗರದಂಚಿನ ಸಿಂಗಾಪುರ ಎಂಬ ಹಳ್ಳಿಯ ಹಳೇ ಬೀದಿಯಲ್ಲಿ ಯಾರದಾದರೂ ಮನೆ ಮುಂದೆ ತಟ್ಟೆ ಬಡಿದರೆ ಬೆಂಕಿ ಬಿದ್ದಿದೆ ಎಂದು ಲೆಕ್ಕ. ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು, ಸಿಕ್ಕಿದ ಬಕೆಟ್ಟಿನಲ್ಲಿ ನೀರು ಹಿಡಿದು ಓಡಬೇಕು. ಯಾರ ಮನೆ, ಯಾವ ಜಾತಿ, ಅವರೊಂದಿಗೆ ಮಾತು ಬಿಟ್ಟು ಎಷ್ಟು ಕಾಲವಾಯಿತು ಎಂದೆಲ್ಲ ಕೇಳುವಂತಿಲ್ಲ. ಸುತ್ತ ಲೇಔಟುಗಳು ಎದ್ದ ಮೇಲೂ ಈ ಕಟ್ಟಳೆ ಉಳಿದದ್ದು ಅನಂತರಾಜುವಿನಿಂದ. ಆಟೊ ಓಡಿಸುವ ಗಯಾಸ್‌ನ ಮನೆಯ ಸಿಲಿಂಡರಿಗೆ ಬೆಂಕಿ ಹತ್ತಿದಾಗ ಒದ್ದೆ ಗೋಣಿಚೀಲ ಹೊದ್ದು ಮೊದಲು ನುಗ್ಗಿದವನು ಅವನೇ. ಸಾವಿನ ಮನೆಗೆ ಹೆಗಲು ಕೊಡಲೂ ಅವನೇ ಮುಂದು.

ಪಕ್ಕದ ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಅಲ್ಲಿದ್ದವನು ಅವನ ಅಕ್ಕನ ಮಗ ಮಹೇಂದ್ರ. ತಾಯಿಯಿಲ್ಲದವನನ್ನು ಅನಂತರಾಜುವೇ ಸಾಕಿ, ಕಟ್ಟಡದ ಕಂಟ್ರಾಕ್ಟಿಗೆ ಹಚ್ಚಿ, ಇಂದು ಎಂಬ ಹುಡುಗಿಯನ್ನು ತಂದು ಮದುವೆ ಮಾಡಿಸಿದ್ದ. ಮದುವೆಯಾದ ಕೆಲವೇ ತಿಂಗಳಿಗೆ ಗೋಡೆಯಾಚೆ ಇಂದುವಿನ ಕೂಗು ಕೇಳತೊಡಗಿತು. ಆಮೇಲೆ ಕೂಗೂ ನಿಂತು ಬರೀ ಏಟಿನ ಸದ್ದು. ಕೂಗಿಗಿಂತ ಆ ಮೌನವೇ ಅನಂತರಾಜುವಿಗೆ ಹೆಚ್ಚು ಹಿಂಸೆ. ಹೆಂಡತಿ ಗೌರಮ್ಮ ಮುಖ ನೋಡಿದರೆ, ಗಂಡ ಹೆಂಡಿರ ನಡುವೆ ತಲೆ ಹಾಕಬಾರದು ಎನ್ನುತ್ತಿದ್ದ.

ಆ ಭಾನುವಾರ ಬೆಳಗ್ಗೆ ಅವನು ಅರಳಿಕಟ್ಟೆಯ ಹತ್ತಿರ ನಾಲ್ಕಾರು ಜನರ ಜೊತೆ ಚರಂಡಿಯ ಹೂಳು ಎತ್ತುತ್ತಿದ್ದ. ತಟ್ಟೆಯ ಸದ್ದು ಕೇಳಿದ್ದೇ ಸಲಿಕೆ ಎಸೆದು, ನಲ್ಲಿಗೆ ಹಿಡಿದ ಕಬ್ಬಿಣದ ಬಕೆಟ್ಟು ಎತ್ತಿಕೊಂಡು ಓಡಿದ.

ಬೀದಿಯ ಅರ್ಧ ಜನ ಮಹೇಂದ್ರನ ಬಾಗಿಲಲ್ಲಿ ನಿಂತಿದ್ದರು. ತಟ್ಟೆ ಬಡಿಯುತ್ತಿದ್ದವಳು ಗೌರಮ್ಮ. ಹೊಗೆ ಎಲ್ಲೂ ಕಾಣಲಿಲ್ಲ. ಅಷ್ಟರಲ್ಲಿ ಗಯಾಸ್ ಒದ್ದ ಏಟಿಗೆ ಚಿಲಕ ಕಿತ್ತುಬಂತು.

ನಡುಮನೆಯಲ್ಲಿ ಮಹೇಂದ್ರ, ಕೈಯಲ್ಲಿ ಕಟ್ಟಡದ ಕಂಬಿ. ಇಂದು ಮೂಲೆಯಲ್ಲಿ ಕುಸಿದಿದ್ದಳು. ಅವಳ ಎಡಗೈ ಮೊಣಕೈಯಿಂದ ಕೆಳಗೆ ತನ್ನದಲ್ಲವೆಂಬಂತೆ ಜೋತಿತ್ತು, ನೆತ್ತಿಯ ರಕ್ತ ಕಣ್ಣಿಗಿಳಿದಿತ್ತು.

"ಎಲ್ಲಿದೆ ಮಾವ ಬೆಂಕಿ?" ಮಹೇಂದ್ರ ನಕ್ಕ. "ಅತ್ತೆಗೆ ಅರಳುಮರಳು. ಕರ್ಕೊಂಡ್ ಹೋಗಿ."

ಒಂದೊಂದೇ ಬಕೆಟ್ಟು ನೆಲಕ್ಕಿಳಿಯಿತು. ಸಂಸಾರದ ಜಗಳ ಕಣ್ರೀ, ನಡೀರಿ ಎಂದು ಹಿಂದಿನಿಂದ ಯಾರೋ ಗೊಣಗಿದರು. ಎಲ್ಲರ ಕಣ್ಣೂ ಅನಂತರಾಜುವಿನ ಮೇಲೆ. ಅವನು ಹೊರಟರೆ ಬೀದಿ ಹೊರಡುತ್ತದೆ, ಇಂದು ಒಳಗೇ ಉಳಿಯುತ್ತಾಳೆ. ಅವನೂ ಬಕೆಟ್ಟು ಇಡಲು ಬಾಗಿದ.

"ಅನಂತಣ್ಣ," ಗಯಾಸ್ ತಗ್ಗಿದ ದನಿಯಲ್ಲಿ ಅಂದ, "ನಮ್ಮನೆಗೆ ನುಗ್ಗುವಾಗ ಯಾರ ಸಂಸಾರ ಅಂತ ಕೇಳಿದ್ರಾ?"

ಅವನು ಬಕೆಟ್ಟಿನ ಹಿಡಿ ಬಿಡುವ ಮೊದಲೇ ಗೌರಮ್ಮ ಅವನನ್ನು ದಾಟಿ ಒಳಗೆ ಹೋಗಿ ಇಂದುವಿನ ಮುಂದೆ ಅಡ್ಡ ನಿಂತಳು. ಮಹೇಂದ್ರ ಬೀಸಿದ ಕಂಬಿ ಗೌರಮ್ಮನ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ಬಾಗಿಲವರೆಗೂ ಕೇಳಿಸಿತು.

ತುಂಬಿದ ಬಕೆಟ್ಟು ಬೀಸಿದ್ದು ತಾನೇ ಎಂಬುದು ಮಹೇಂದ್ರನ ದವಡೆ ಹೊರಳಿದಾಗಲೇ ಅನಂತರಾಜುವಿಗೆ ಗೊತ್ತಾದದ್ದು. ಅವನು ನಿಲ್ಲಿಸಲಿಲ್ಲ. ಕೆಳಗೆ ಬಿದ್ದವನ ಎದೆಯ ಮೇಲೆ ಕೂತು, ಕಂಬಿ ಕಿತ್ತುಕೊಂಡು ಭುಜಕ್ಕೆ, ಪಕ್ಕೆಗೆ, ಮುಖಕ್ಕೆ ಬಾರಿಸಿದ. ಮಹೇಂದ್ರ ಮಾವ, ಮಾವ ಎಂದು ಚಿಕ್ಕಂದಿನ ದನಿಯಲ್ಲಿ ಅತ್ತ. ಆ ದನಿ ಕೇಳಿ ಸಿಟ್ಟು ಇನ್ನೂ ಏರಿತು. ನೆಲದ ನೀರು ಕೆಂಪಾಯಿತು. ಗಂಡಸರೆಲ್ಲ ಸೇರಿ ಅವನನ್ನು ಎಳೆಯಬೇಕಾಯಿತು. ಮಹೇಂದ್ರ ಬದುಕಿದ್ದ, ಬಾಯಿಂದ ಗುಳ್ಳೆ ಬರುತ್ತಿತ್ತು. ಯಾರೋ ಪೊಲೀಸರಿಗೆ ಫೋನು ಮಾಡುತ್ತಿದ್ದರು.

ಅನಂತರಾಜು ಇಂದುವಿನ ಕಡೆ ಕೈ ಚಾಚಿದ. "ಬಾರಮ್ಮ, ಆಸ್ಪತ್ರೆಗೆ ಹೋಗೋಣ."

ಇಂದು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಮಹೇಂದ್ರನನ್ನು ನೋಡುತ್ತಿದ್ದ ಕಣ್ಣಲ್ಲೇ ಇವನನ್ನೂ ನೋಡಿದಳು.

"ನೀವು ಬೇಡ ಮಾವ."

ಗಯಾಸ್‌ನ ಹೆಂಡತಿ ಶಹರ್ಬಾನು ದುಪಟ್ಟದಿಂದ ಇಂದುವಿನ ಜೋತ ಕೈ ಕಟ್ಟಿ ಎಬ್ಬಿಸಿದಳು. ಮುರಿದ ಮಣಿಕಟ್ಟು ಎದೆಗವಚಿಕೊಂಡು ಗೌರಮ್ಮನೂ ಹಿಂದೆ ನಡೆದಳು, ಗಂಡನ ಕಡೆ ತಿರುಗಲಿಲ್ಲ. ಬೀದಿಯ ಹೆಂಗಸರು ಇಬ್ಬರನ್ನೂ ಗಯಾಸ್‌ನ ಆಟೊಗೆ ಹತ್ತಿಸಿದರು.

ಆಟೊ ತಿರುವು ದಾಟಿದ ಮೇಲೂ ಅನಂತರಾಜುವಿನ ತೋಳು ಹಿಡಿದವರು ಕೈ ಬಿಡಲಿಲ್ಲ.